ಅಂಪೆಮ್ ಮಾವನ ತೋರುಬೆರಳು

ಚೌಕಟ್ಟಿನೊಳಗೆ ಕೈಕಟ್ಟಿ ತೆಪ್ಪಗೆ ಕೂತ ಫೋಟೋ ಕಂಡರೆ ಒಪಾರೆಗೆ ಆಗುತ್ತಿರಲಿಲ್ಲ.

ನಮ್ಮ ಸುಹುಮ್ ಊರಿನ ವ್ಯಾನ್ ಸ್ಟ್ಯಾಂಡಿನ ಹಿಂದೆ, ಶವಪೆಟ್ಟಿಗೆ ಮಾಡುವ ಟಾವಿಯಾನ ಅಂಗಡಿಗೆ ಅಂಟಿಕೊಂಡಂತೆ ಅವನ 'ದೇವರೊಬ್ಬನೇ ಬಲ್ಲ ಡಿಜಿಟಲ್ ಸ್ಟುಡಿಯೋ' ಇತ್ತು. ಯಾರು ಯಾವ ಫೋಟೋ ತಂದುಕೊಟ್ಟರೂ ಒಪಾರೆ ಕಂಪ್ಯೂಟರಿನಲ್ಲಿ ಮೊದಲು ಅದರ ಸುತ್ತ ಒಂದು ಬಂಗಾರದ ಚೌಕಟ್ಟು ಕೂರಿಸುತ್ತಿದ್ದ. ಆಮೇಲೆ ಒಳಗಿದ್ದವರನ್ನು ಅದರಿಂದ ಹೊರಗೆಳೆಯುತ್ತಿದ್ದ. ಹುಟ್ಟುಹಬ್ಬದ ಮಗುವಿನ ಕಾಲು ಚೌಕಟ್ಟಿನಿಂದ ಕೆಳಗೆ ಜೋತಾಡುತ್ತಿತ್ತು. ಮದುಮಗಳ ಮುಸುಕು ಅಂಚು ದಾಟಿ ಹಾರುತ್ತಿತ್ತು. ಊರ ಫುಟ್‌ಬಾಲ್ ತಂಡದವರು ಒದ್ದ ಚೆಂಡು ಕ್ಯಾಲೆಂಡರಿನಿಂದ ಸೀದಾ ನೋಡುವವರ ಮೂಗಿಗೇ ಬರುತ್ತಿತ್ತು. ಆ ಕ್ಯಾಲೆಂಡರು ತೂಗುಹಾಕಿದ ಕ್ಷೌರದಂಗಡಿಯಲ್ಲಿ ಗಿರಾಕಿಗಳು ತಲೆ ಬಗ್ಗಿಸಿಕೊಂಡೇ ಕೂರುತ್ತಾರೆ ಎಂದು ಟಾವಿಯಾ ಹೇಳುತ್ತಿದ್ದ. ಟಾವಿಯಾ ಹೇಳಿದ್ದರಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬುವುದು ವಾಡಿಕೆ.

ಊರೆಲ್ಲ ಮೆಚ್ಚಿದ ಈ ಕೈಚಳಕವನ್ನು ಮೆಚ್ಚದವರು ಇಬ್ಬರೇ ಇದ್ದರು, ಮತ್ತು ಒಪಾರೆಗೆ ಬೇಕಾಗಿದ್ದವರೂ ಆ ಇಬ್ಬರೇ. ಒಬ್ಬಳು ಅವನು ಮದುವೆಯಾಗಬೇಕೆಂದಿದ್ದ ಸೆರ್ವಾ. ಸಾವಿನ ಮನೆಯ ಕಪ್ಪು ಕೆಂಪು ಬಟ್ಟೆ ಹೊಲಿಯುವ ದರ್ಜಿ ಅವಳು, ಅಳತೆ ಮೀರಿದ್ದು ಯಾವುದೂ ಅವಳಿಗೆ ಸೇರುತ್ತಿರಲಿಲ್ಲ. ಇನ್ನೊಬ್ಬ ಅವಳ ಕುಲದ ಯಜಮಾನ, ಬೊಆಟೆನ್ ಅಜ್ಜ. ನೆರಳಿನಲ್ಲಿ ಕೂತು ಒಂದು ಬೆರಳು ಆಡಿಸಿ ಬದುಕುವವನಿಗೆ ನಮ್ಮ ಮನೆ ಹುಡುಗಿಯನ್ನು ಹೇಗೆ ಕೊಡುವುದು ಎಂದು ಅಜ್ಜ ಕೇಳುತ್ತಿದ್ದ. ಕೊಡುವುದಿಲ್ಲ ಎಂದು ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ. ನೋಡೋಣ ಎನ್ನುತ್ತಿದ್ದ.

ಆ 'ನೋಡೋಣ'ದ ಮೇಲೆಯೇ ಒಪಾರೆ ಶ್ನಾಪ್ಸ್ ಸಾರಾಯಿಯ ಎರಡು ಬಾಟಲಿ ಕೊಂಡು, ಪೇಪರಿನಲ್ಲಿ ಸುತ್ತಿ, ಮೇಜಿನ ಕೆಳಗೆ ಇಟ್ಟಿದ್ದ. ಹುಡುಗನ ಕಡೆಯವರು ಎರಡು ಬಾಟಲಿ ಹಿಡಿದು ಹೋಗಿ ಹೆಣ್ಣಿನ ಮನೆಯ ಬಾಗಿಲು ತಟ್ಟಬೇಕು. ಬಾಟಲಿ ಒಳಗೆ ಹೋದರೆ ಮಾತು ಮುಂದೆ, ವಾಪಸು ಬಂದರೆ ಹುಡುಗನೂ ವಾಪಸು. ಉಳಿದ ಲೆಕ್ಕವೆಲ್ಲ ಸರಿಯಾಗಿತ್ತು. ತಾಯಿಯ ಕಡೆಯಿಂದ ಸೆರ್ವಾಳದು ಕಾಗೆಯ ಕುಲ, ಒಪಾರೆಯದು ಗಿಡುಗನ ಕುಲ, ಆದ್ದರಿಂದ ಒಂದೇ ಕುಲದವರು ಮದುವೆಯಾಗುವಂತಿಲ್ಲ ಎಂಬ ತೊಡಕೂ ಇರಲಿಲ್ಲ. ಕೆಲಸವಿಲ್ಲದಾಗ ಅವನು ಬಗ್ಗಿ ಆ ಬಾಟಲಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಸೆರ್ವಾಳ ಸೋದರಮಾವ ಅಂಪೆಮ್ ತೀರಿಕೊಂಡ.

ಅಂಪೆಮ್ ನಮ್ಮ ವ್ಯಾನ್ ಸ್ಟ್ಯಾಂಡಿನ ದೊರೆ. ಗಾಡಿಗೆ ಜನ ತುಂಬಿಸುವುದು ಅವನ ಉದ್ಯೋಗ. ಬಲಗೈ ಚಾಚಿ, ತೋರುಬೆರಳನ್ನು ನೇರ ಎದೆಗೆ ಗುರಿಯಿಟ್ಟು, "ನೀನು, ಬಾ. ಒಂದೇ ಸೀಟು" ಎಂದರೆ ಎಲ್ಲಿಗೂ ಹೊರಡದವನೂ ಹತ್ತಿ ಕೂರುತ್ತಿದ್ದ. ಸಂಜೆಯಾದರೆ ಬೇವಿನ ಮರದ ಕೆಳಗೆ ಬೊಆಟೆನ್ ಅಜ್ಜನ ಜೊತೆ ದಾಮೆ ಆಟ. ಹಲಗೆಯ ಮೇಲೆ ಕಾಯಿಂದ ಕಾಯಿ ಹಾರಿಸಿ ಹೊಡೆಯುವ ಆ ಆಟದಲ್ಲಿ ಇಬ್ಬರೂ ಬಾಯಿಗೆ ಬಂದದ್ದು ಬೈದುಕೊಳ್ಳುತ್ತ ಮುದುಕರಾದರು. ಕಡೆಯ ಆಟದಲ್ಲಿ ಸೋಲುತ್ತಿದ್ದ ಅಜ್ಜ ಸಿಟ್ಟಿನಿಂದ ಹಲಗೆಯನ್ನೇ ಮಗುಚಿಹಾಕಿದ್ದ. ಮಾತು ನಿಂತಿತು. ಮತ್ತೆ ಮಾತು ಶುರುವಾಗುವ ಮೊದಲೇ ಒಂದು ಬೆಳಿಗ್ಗೆ ಅಂಪೆಮ್ ನಿದ್ದೆಯಿಂದ ಏಳಲಿಲ್ಲ. ವಯಸ್ಸಾಗಿತ್ತು, ಮಲಗಿದ್ದಲ್ಲೇ ಹೋದ. ಯಾರದೂ ತಪ್ಪಿಲ್ಲ.

ಸತ್ತವನ ಪೋಸ್ಟರು ಗೋಡೆ ಗೋಡೆಗೂ ಬೀಳದೆ ನಮ್ಮೂರಲ್ಲಿ ಸಾವು ಪೂರ್ತಿಯಾಗುವುದಿಲ್ಲ. ಶವ ಆಸ್ಪತ್ರೆಯ ತಣ್ಣನೆ ಕೋಣೆಯಲ್ಲಿರುತ್ತದೆ, ವಾರ ತುಂಬಿದ ದಿನ ಕುಲದವರೆಲ್ಲ ಸೇರಿ ಮಣ್ಣಿನ ದಿನ ಗೊತ್ತುಮಾಡುತ್ತಾರೆ. ಈ ಕೂಟದಲ್ಲಿ ಇನ್ನೊಂದು ಕಷ್ಟದ ಕೆಲಸವೂ ಇತ್ತು. ನಮ್ಮಲ್ಲಿ ಸತ್ತವನ ಜಾಗದಲ್ಲಿ ಕೂರುವವನು ಅವನ ತಂಗಿಯ ಮಗ. ಅಂಪೆಮ್‌ಗೆ ಇದ್ದವಳು ಒಬ್ಬಳೇ ತಂಗಿ ಬಿರಾಗೊ, ಅವಳಿಗಿದ್ದವಳು ಒಬ್ಬಳೇ ಮಗಳು ಸೆರ್ವಾ. ಜಾಗ ಖಾಲಿ. ಯಾರನ್ನು ಕೂರಿಸುವುದೆಂದು ಬೊಆಟೆನ್ ಅಜ್ಜನಿಗೆ ತಲೆನೋವಾಗಿತ್ತು.

ಪೋಸ್ಟರಿನ ಕೆಲಸವನ್ನು ಸೆರ್ವಾ ಹಟ ಹಿಡಿದು ಒಪಾರೆಗೇ ಕೊಡಿಸಿದಳು. ಕೊಡುವಾಗ ಒಂದೇ ಮಾತು ಹೇಳಿದಳು.

"ನಿನ್ನ ದಮ್ಮಯ್ಯ, ನಮ್ಮ ಮಾವನ್ನ ಚೌಕಟ್ಟಿನ ಒಳಗೇ ಇರಕ್ಕೆ ಬಿಡು. ಪೋಸ್ಟರ್ ಯಜಮಾನ್ರ ಮನಸ್ಸಿಗೆ ಬಂದ್ರೆ ಕೂಟ ಮುಗಿದ ಮೇಲೆ ನಿನ್ನ ಬಾಟ್ಲಿ ಮಾತೆತ್ತುತೀನಿ. ಬರದೇ ಇದ್ರೆ ಆ ಬಾಟ್ಲಿ ನೀನೇ ಕುಡ್ಕೊಂಡು ಮಲ್ಗು."

ಒಪಾರೆ ಹೂಂ ಎಂದ. ಹೂಂ ಎನ್ನುವಾಗ ಅವನು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಆದರೆ ಕಳಿಸಿದ ಫೋಟೋಗಳಲ್ಲಿ ಒಂದರಲ್ಲಿ ಮಾವ ಅರೆಗಣ್ಣು ಮುಚ್ಚಿದ್ದ, ಇನ್ನೊಂದರಲ್ಲಿ ಮಾವನಿಗಿಂತ ಪಕ್ಕದ ಮೇಕೆ ಚೆನ್ನಾಗಿ ಬಂದಿತ್ತು. ಒಪಾರೆ ತಾನೇ ಸ್ಟ್ಯಾಂಡಿನಲ್ಲಿ ತೆಗೆದದ್ದು ಒಂದಿತ್ತು. ಅದರಲ್ಲಿ ಅಂಪೆಮ್ ಬಲಗೈ ಚಾಚಿ ಯಾರನ್ನೋ ಗಾಡಿಗೆ ಕರೆಯುತ್ತಿದ್ದ, ಬಾಯಿ ಅರ್ಧ ತೆರೆದಿತ್ತು, ಕಣ್ಣು ಮಿಂಚುತ್ತಿತ್ತು. ಇಂಥ ಕೈಯನ್ನು ಚೌಕಟ್ಟಿನೊಳಗೆ ಮಡಚಿಡುವುದು ಮಾವನಿಗೇ ಅವಮಾನ ಎಂದು ಒಪಾರೆ ತನಗೆ ತಾನೇ ಹೇಳಿಕೊಂಡ. ಬೆರಳ ತುದಿಯಷ್ಟೇ ಅಂಚು ದಾಟಲಿ ಎಂದು ಶುರುಮಾಡಿದವನು ಮುಂಗೈ, ಮೊಣಕೈವರೆಗೆ ಬಂದ, ಕೊನೆಗೆ ತೋರುಬೆರಳು ಕಾಗದವನ್ನೇ ಸೀಳಿ ಹೊರಬಂದಂತೆ ಮಾಡಿ ಅದಕ್ಕೊಂದು ನೆರಳೂ ಕೊಟ್ಟ. ಉಗುರಿನ ಸಂದಿಯ ಮಣ್ಣು ಕೂಡ ಕಾಣುತ್ತಿತ್ತು. ಚಾಳಿ ಎನ್ನುವುದು ಹಾಗೆಯೇ, ಬುದ್ಧಿ ಹೇಳಿದವರು ಆ ಕಡೆ ಹೋಗುವವರೆಗೆ ಮಾತ್ರ ಸುಮ್ಮನಿರುತ್ತದೆ.

ಕೂಟದ ದಿನ ಬೆಳಕು ಹರಿಯುವ ಮುಂಚೆಯೇ ಟಾವಿಯಾ ಏಣಿ ಹಿಡಿದ, ಒಪಾರೆ ಊರ ತುಂಬ ಪೋಸ್ಟರು ಅಂಟಿಸಿದ. ಸಾವಿನ ಮನೆಯಂಗಳಕ್ಕೆಂದು ಮಾಡಿಸಿದ ಆಳೆತ್ತರದ ಬ್ಯಾನರನ್ನು ಸುತ್ತಿ ಕಳಿಸಿಕೊಟ್ಟ. ಆಮೇಲೆ ಅಂಗಡಿಗೆ ಬಂದು ಬಿಸಿ ಗಂಜಿ ಕುಡಿಯುತ್ತ ಹೊಗಳಿಕೆಗಾಗಿ ಕಾದು ಕೂತ.

ಮೊದಲು ಬಂದವನು ಔಷಧಿ ಅಂಗಡಿಯ ಲಾರ್ಬಿ. ಅವನ ಮುಖ ಬೇಯಿಸಿದ ಜೋಳದ ಹಿಟ್ಟಿನ ಕೆಂಕಿ ಉಂಡೆಯ ಹಾಗೆ ಬಿಳಚಿಕೊಂಡಿತ್ತು. ಎದುರಿನ ಗೋಡೆಯಿಂದ ಅಂಪೆಮ್ ಮಾವ ತನ್ನ ಅಂಗಡಿಯನ್ನೇ ಯಾಕೆ ತೋರಿಸುತ್ತಿದ್ದಾನೆ ಎಂದು ಕೇಳಿದ. ಒಪಾರೆ ನಕ್ಕು, ಚೆನ್ನಾಗಿ ಬಂದಿದೆಯಲ್ಲವೇ ಎಂದ. ಲಾರ್ಬಿ ನಗಲಿಲ್ಲ.

"ಅವರ ರಕ್ತದೊತ್ತಡದ ಮಾತ್ರೆ ಕೊಡ್ತಿದ್ದೋನು ನಾನು ಕಣಯ್ಯ. ಬೆಳಿಗ್ಗೆಯಿಂದ ಒಬ್ಬ ಗಿರಾಕಿ ಒಳಗೆ ಕಾಲಿಟ್ಟಿಲ್ಲ. ಎಲ್ರೂ ಗೋಡೆ ನೋಡ್ತಾರೆ, ಆಮೇಲೆ ನನ್ನ ನೋಡ್ತಾರೆ."

ಅವನು ಹೋಗುವ ಮೊದಲೇ ಫುಫು ಮುದ್ದೆಯ ಹೋಟೆಲಿನ ಮಾನ್ಸಾ ಸೌಟು ಹಿಡಿದೇ ಬಂದಳು. ಅವಳ ಹೋಟೆಲಿನ ಪಕ್ಕದ ಕಂಬದ ಮೇಲಿನ ಬೆರಳು ನೆಟ್ಟಗೆ ಅವಳ ಸಾರಿನ ಪಾತ್ರೆಗೆ ಗುರಿಯಾಗಿತ್ತು. ಅಂಪೆಮ್ ದಿನಾ ಅಲ್ಲೇ ಉಣ್ಣುತ್ತಿದ್ದನೆಂಬುದು ಊರಿಗೆಲ್ಲ ಗೊತ್ತು. ಮಾತ್ರೆಯೋ ಸಾರೋ ಎಂದು ಲಾರ್ಬಿ ಮತ್ತು ಮಾನ್ಸಾ ನಡುಬೀದಿಯಲ್ಲೇ ಶುರುಮಾಡಿದರು. ಜನ ಸೇರಿತು. ಒಪಾರೆಗೆ ತಲೆಬುಡ ತಿಳಿಯಲಿಲ್ಲ. ಟಾವಿಯಾ ಉಜ್ಜುಗೊರಡು ಕೆಳಗಿಟ್ಟು ಕೈ ಒರೆಸಿಕೊಂಡು ಬಂದು, ಇಂಥ ಮಾತಿಗೆ ತನ್ನಂಥ ಅನುಭವಸ್ಥ ಇಲ್ಲವೆಂಬಂತೆ ನಿಂತು ಬಿಡಿಸಿ ಹೇಳಿದ.

"ಹಿಂದೆ ಯಾರಾದ್ರೂ ಸತ್ರೆ ಹೆಣ ಹೊತ್ಕೊಂಡು ಊರು ಸುತ್ತಿಸ್ತಿರಲಿಲ್ವಾ? ಹೆಣ ಯಾರ ಮನೆ ಮುಂದೆ ಮುಗ್ಗರಿಸ್ತದೋ ಅವನೇ ಕೊಂದೋನು ಅಂತ. ಸರ್ಕಾರದೋರು ನಿಲ್ಲಿಸಿಬಿಟ್ರು. ಈಗ ಅಂಪೆಮ್ ಮಾವನ್ನ ತಣ್ಣನೆ ಕೋಣೇಲಿ ಕೂಡಿಹಾಕವ್ರೆ. ಮನುಷ್ಯ ಏನ್ ಮಾಡ್ತಾನೆ, ಕಾಗದದ ಮೇಲೇ ಎದ್ದು ಬಂದು ತೋರಿಸ್ತಾವ್ನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಯಾರೂ ಕೇಳದೆಯೇ ಜನ ತಪ್ಪೊಪ್ಪಿಕೊಳ್ಳತೊಡಗಿದರು. ಅಂಪೆಮ್‌ನ ಕೊಡೆ ತನ್ನ ಮನೆಯಲ್ಲಿರುವುದು ನಿಜ, ಆದರೆ ಕೊಡೆಯಿಲ್ಲದೆ ಯಾರೂ ಸಾಯುವುದಿಲ್ಲ ಎಂದು ಒಬ್ಬ ಡ್ರೈವರ್ ವಾದಿಸಿದ. ಬೆರಳು ಇಗರ್ಜಿಯ ಗೇಟನ್ನೂ ತೋರಿಸುತ್ತಿದೆಯೆಂದು ಸುದ್ದಿ ಬಂತು. ಪಾದ್ರಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆಂದು ಇನ್ನೊಂದು ಸುದ್ದಿ ಬಂತು. ಪ್ರತಿಯೊಬ್ಬರೂ ತಮ್ಮ ಎದುರಿನ ಪೋಸ್ಟರನ್ನು ಕಿತ್ತು ಬೇರೆಯವರ ಎದುರು ಅಂಟಿಸು ಎಂದು ಒಪಾರೆಯ ಅಂಗಿ ಹಿಡಿದು ಜಗ್ಗಿದರು.

ಒಪಾರೆ ಸ್ಟೂಲಿನ ಮೇಲೆ ಹತ್ತಿ ನಿಂತ. ಸಮಾಧಾನದ ಮಾತು ಒಂದು ಅವನ ತಲೆಗೆ ಹೊಳೆದಿತ್ತು.

"ನೀವೆಲ್ಲ ಏನೇನೋ ಅಂದ್ಕೊಂಡಿದೀರ. ಮಾವ ಯಾರ ಮೇಲೂ ತಪ್ಪು ಹೊರಿಸ್ತಿಲ್ಲ. ಸ್ಟ್ಯಾಂಡಲ್ಲಿ ದಿನಾ ಮಾಡ್ತಿದ್ದದ್ದೇ ಮಾಡ್ತಾವ್ರೆ ಅಷ್ಟೆ. 'ಬಾ, ಒಂದೇ ಸೀಟು' ಅಂತ ಕರೀತಾವ್ರೆ."

ಗದ್ದಲ ಒಮ್ಮೆಲೇ ನಿಂತಿತು. ಹಿಂದಿನ ಸಾಲಿನಲ್ಲಿ ಶೇಂಗಾ ಮಾರುವ ಮುದುಕಿಯೊಬ್ಬಳು ತಲೆಯ ಮೇಲಿನ ಬುಟ್ಟಿ ನಿಧಾನವಾಗಿ ಇಳಿಸಿದಳು.

"ಯಾವೂರಿಗಪ್ಪ ಆ ಸೀಟು?" ಎಂದಳು.

ಉತ್ತರಕ್ಕೆ ಯಾರೂ ಕಾಯಲಿಲ್ಲ. ಲಾರ್ಬಿ ಎದೆಗೆ ಕೈ ಅಡ್ಡ ಹಿಡಿದುಕೊಂಡು ಓಡಿದ. ಮಾನ್ಸಾ ಸೌಟನ್ನು ಅಲ್ಲೇ ಬಿಟ್ಟು ಓಡಿದಳು. ಬೀದಿ ನೋಡುನೋಡುತ್ತ ಖಾಲಿಯಾಯಿತು. ಮುಂದೆ ಹೋಗುವವರು ಗೋಡೆಯ ಬದಿ ಬಗ್ಗಿಕೊಂಡು, ಬೆರಳಿನ ಗುರಿ ತಪ್ಪಿಸಿಕೊಂಡು ಹೋಗತೊಡಗಿದರು. ಟಾವಿಯಾ ಮಾತ್ರ ಗೋಡೆಯ ಕಡೆ ನೋಡಿ, ಯಾವುದಕ್ಕೂ ಇರಲಿ ಎಂದು ಒಂದೆರಡು ಹಲಗೆ ಹೆಚ್ಚಿಗೆ ಕೊಯ್ಯಲು ಹೋದ.

ಸ್ವಲ್ಪ ಹೊತ್ತಿಗೆ ಸೆರ್ವಾ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಕಣ್ಣು ಅತ್ತು ಕೆಂಪಾಗಿತ್ತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಒಪಾರೆಗೆ ಎಷ್ಟೋ ಹಗುರವಾಗುತ್ತಿತ್ತು.

"ಒಂದೇ ಒಂದು ಮಾತು ಹೇಳಿದ್ದೆ" ಎಂದಳು. "ಮಾವ ಅಂದ್ರೆ ನನಗೇನು ಅಂತ ನಿನಗೆ ಗೊತ್ತಿತ್ತಲ್ಲ. ಈಗ ಅವರ ಹೆಸರು ಕೇಳಿದ್ರೆ ಊರು ಓಡ್ತಿದೆ. ಸಂಜೆ ಒಳಗೆ ಆ ಬೆರಳು ಯಾರನ್ನೂ ತೋರಿಸಬಾರದು ಅಂತ ಯಜಮಾನ್ರು ಹೇಳಿ ಕಳ್ಸಿದಾರೆ. ಇಲ್ದಿದ್ರೆ ನೀನು ನಮ್ಮನೆ ಬಾಗಿಲ ಹತ್ರಾನೂ ಬರೋ ಹಾಗಿಲ್ಲ."

ಅವಳು ಬೀದಿ ತಿರುಗುವವರೆಗೆ ಒಪಾರೆ ಬಾಗಿಲಲ್ಲೇ ನಿಂತಿದ್ದ. ಕೂಡಲೇ ಕಂಪ್ಯೂಟರಿನ ಮುಂದೆ ಕೂತು ಯೋಚಿಸಿದ. ಬೆರಳು ಅಂಗಡಿಗಳಿರುವ ಕಡೆ ತೋರಿಸುವುದರಿಂದ ತಾನೇ ರಂಪ? ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದರೆ ಬೆರಳು ಇನ್ನೊಂದು ಬದಿಗೆ ಹೋಗುತ್ತದೆ. ಆ ಬದಿಯಲ್ಲಿ ಚರಂಡಿ, ಪರಂಗಿ ಮರ, ಹಾಳು ಗೋಡೆ ಇವಿಷ್ಟೇ. ಚರಂಡಿ ಯಾರ ಮೇಲೂ ಜಗಳಕ್ಕೆ ಬರುವುದಿಲ್ಲ. ಗುಂಡಿ ಒತ್ತಿದ, ಅಚ್ಚು ಹಾಕಿದ, ಸುಡುಬಿಸಿಲಿನಲ್ಲಿ ಊರೆಲ್ಲ ಓಡಾಡಿ ಹಳೆಯದರ ಮೇಲೆ ಹೊಸದು ಅಂಟಿಸಿ ಬಂದ. ಬಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ವ್ಯಾನ್ ಡ್ರೈವರುಗಳ ಸಂಘದವರು ಗುಂಪಾಗಿ ಅಂಗಡಿಗೆ ನುಗ್ಗಿದರು.

ಕನ್ನಡಿ ಬಲಗೈಯನ್ನು ಎಡಗೈ ಮಾಡುತ್ತದೆ ಎಂಬುದು ಒಪಾರೆಗೆ ನೆನಪೇ ಆಗಿರಲಿಲ್ಲ. ಎಡಗೈಯಿಂದ ದಾರಿ ತೋರಿಸಿದರೆ ನಮ್ಮಲ್ಲಿ ಐದು ವರ್ಷದ ಮಗುವಿಗೂ ಏಟು ಬೀಳುತ್ತದೆ. ದೊಡ್ಡವರ ಕಡೆ ಎಡಗೈ ಚಾಚುವುದೂ ಮುಖಕ್ಕೆ ಉಗುಳುವುದೂ ಒಂದೇ. ಬದುಕಿರುವಾಗ ಜೇಬುಗಳ್ಳನಿಗೂ ಬಲಗೈಯಲ್ಲೇ ಹೊಡೆದ ಮರ್ಯಾದಸ್ಥ ಅಂಪೆಮ್, ಸತ್ತ ಮೇಲೆ ಊರಿಗೆ ಊರನ್ನೇ ಎಡಗೈಯಲ್ಲಿ ಬೈಯುತ್ತ ಗೋಡೆ ಗೋಡೆಯ ಮೇಲೂ ನಿಂತಿದ್ದ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತಾಯಿತು ಒಪಾರೆಯ ಪಾಡು. ನಮ್ಮ ಗುರುವಿಗೆ ಇಂಥ ಗತಿ ತಂದೆಯಲ್ಲೋ ಎಂದು ಸಂಘದ ಅಧ್ಯಕ್ಷ ಅಳುವುದೊಂದು ಬಾಕಿ.

ಕಡೆಗೆ ಒಪಾರೆ ಸೋತು, ಸೆರ್ವಾ ಮೊದಲೇ ಹೇಳಿದ್ದನ್ನು ಮಾಡಲು ಹೊರಟ. ಬಲಗೈಯ ಚಿತ್ರವನ್ನೇ ತೆಗೆದುಕೊಂಡು, ಚೌಕಟ್ಟಿನಿಂದ ಹೊರಗಿದ್ದದ್ದನ್ನೆಲ್ಲ ಅಂಚಿಗೆ ಸರಿಯಾಗಿ ಕತ್ತರಿಸಿಹಾಕಿದ. ಬೆರಳು ಹೋಯಿತು, ಮುಂಗೈ ಹೋಯಿತು, ಮೊಣಕೈಯೂ ಹೋಯಿತು. ಅದನ್ನು ತೋರಿಸಲೆಂದು ಮೊದಲ ಪ್ರತಿಯನ್ನು ಸೆರ್ವಾಳ ತಾಯಿ ಬಿರಾಗೊಳ ಹತ್ತಿರ ಕಳಿಸಿದ. ಒಯ್ದುಕೊಟ್ಟವನು ಓಡೋಡಿ ವಾಪಸು ಬಂದ. ನಮ್ಮಣ್ಣನ ಕೈ ಯಾರು ಕಡಿದರು, ಕೈಯಿಲ್ಲದೆ ಅವನು ಪಿತೃಗಳ ಮುಂದೆ ಹೇಗೆ ಉಣ್ಣಬೇಕು ಎಂದು ಬಿರಾಗೊ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಾಳೆ ಎಂದು ವರದಿ ಒಪ್ಪಿಸಿದ.

ಇನ್ನು ಕಂಪ್ಯೂಟರಿನಿಂದ ಆಗುವ ಕೆಲಸ ಉಳಿದಿರಲಿಲ್ಲ. ಒಪಾರೆ ಬಕೆಟು ನೀರು, ಕರಣೆ ಹಿಡಿದು ಹೋಗಿ ಒಂದೊಂದೇ ಪೋಸ್ಟರು ಕೆರೆದು ತೆಗೆದ. ಮಧ್ಯಾಹ್ನದ ಊಟವನ್ನು ಮಾನ್ಸಾ ಅವನಿಗೆ ಕೊಡಲಿಲ್ಲ. ಗೋಡೆಗಳೆಲ್ಲ ಬರಿದಾದ ಮೇಲೆ ಅಂಗಡಿಗೆ ಬಂದು, ಕೈಕಾಲು ತೊಳೆದು, ಕಪ್ಪು ಬಟ್ಟೆ ಹೊದ್ದು, ಮೇಜಿನ ಕೆಳಗಿನ ಎರಡು ಬಾಟಲಿಗಳನ್ನು ಹೊರತೆಗೆದ. ಬಾಗಿಲು ತಟ್ಟಲು ಇಟ್ಟಿದ್ದು ಕ್ಷಮೆ ಬೇಡಲಿಕ್ಕಾದರೂ ಆಗಲಿ ಎಂದುಕೊಂಡ. ಹಿರಿಯರ ಮುಂದೆ ಬರಿಗೈಯಲ್ಲಿ ತಪ್ಪಾಯಿತು ಎನ್ನುವಂತಿಲ್ಲವಲ್ಲ. ಪೇಪರು ಬಿಚ್ಚಿ ಮತ್ತೆ ಸುತ್ತುವಾಗ ಅವನ ಕಣ್ಣಲ್ಲಿ ನೀರು ಬಂತು, ಅದನ್ನು ನೋಡಿದ ಟಾವಿಯಾ ತನ್ನ ಅಂಗಡಿಯ ಬಾಗಿಲು ಹಾಕಿದ. ಜೊತೆಗೆ ಹೊರಟ.

ಸಾವಿನ ಮನೆಯ ಅಂಗಳದಲ್ಲಿ ಬಾಡಿಗೆಯ ಶಾಮಿಯಾನ, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಕಪ್ಪು ಕೆಂಪು ಉಟ್ಟ ಜನ ತುಂಬಿತ್ತು. ಆದರೆ ಒಬ್ಬರೂ ಕೂತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕುರ್ಚಿಯ ಮುಂದೆ ನಿಂತೇ ಇದ್ದರು. ಒಪಾರೆ ತಲೆ ಎತ್ತಿ ನೋಡಿದವನು ಅಲ್ಲೇ ಕಲ್ಲಾದ. ಗೋಡೆಯ ಪೋಸ್ಟರುಗಳ ಗಲಾಟೆಯಲ್ಲಿ ಬ್ಯಾನರನ್ನು ಅವನು ಪೂರ್ತಿ ಮರೆತುಬಿಟ್ಟಿದ್ದ. ಆಳೆತ್ತರದ ಅಂಪೆಮ್ ಮಾವ ಮನೆಯ ಮುಂಗೋಡೆಯಿಂದ ಅರ್ಧ ಹೊರಗೆ ಬಂದು, ಬಾಳೆಗೊನೆಯಷ್ಟು ದಪ್ಪದ ಕೈ ಚಾಚಿ, ಯಜಮಾನರ ಕುರ್ಚಿಯನ್ನೇ ತೋರಿಸುತ್ತಿದ್ದ.

ಯಜಮಾನ ಕೂರದೆ ಯಾರೂ ಕೂರುವ ಹಾಗಿಲ್ಲ, ಯಾರೂ ಕೂರದೆ ಕೂಟ ಶುರುವಾಗುವ ಹಾಗಿಲ್ಲ. ಬೊಆಟೆನ್ ಅಜ್ಜ ಕೋಲೂರಿಕೊಂಡು ಕುರ್ಚಿಯಿಂದ ದೂರ ನಿಂತು, ನನಗೆ ಮೊಣಕಾಲು ನೋವು, ನಿಂತರೇ ಸುಖ ಎನ್ನುತ್ತಿದ್ದ. ಕುರ್ಚಿಯನ್ನು ಒಮ್ಮೆ ಪಕ್ಕಕ್ಕೆ ಸರಿಸಿ ನೋಡಿದರಂತೆ. ಗಾಳಿ ಬಂದು ಬ್ಯಾನರು ಹೊರಳಿ, ಬೆರಳು ಮತ್ತೆ ಅಲ್ಲಿಗೇ ಬಂತಂತೆ. ಬೀದಿಯ ಪೋಸ್ಟರಿನ ಮಾತು ಬೇರೆ, ಸಾವಿನ ಮನೆಯಂಗಳದಲ್ಲಿ ಏರಿಸಿದ ಚಿತ್ರವನ್ನು ಕೂಟ ಮುಗಿಯುವ ಮುಂಚೆ ಇಳಿಸುವುದು ಅಪಶಕುನ. ಆದ್ದರಿಂದ ಮುದುಕರು, ಮುದುಕಿಯರು, ಅಕ್ರಾದಿಂದ ಬಂದ ನೆಂಟರು ಎಲ್ಲರೂ ಕಾಲು ಬದಲಿಸುತ್ತ ನಿಂತಿದ್ದರು. ಅಜ್ಜನಿಗೆ ಮೊಣಕಾಲು ನೋವಿರಲಿಲ್ಲ. ಹಲಗೆ ಮಗುಚಿದ ಸಂಜೆ ಅವನ ಎದೆಯಲ್ಲಿ ಕೂತಿತ್ತು. ಗೆಳೆಯನಿಗೆ ಒಂದು ಮಾತೂ ಹೇಳದೆ ಕಳಿಸಿಕೊಟ್ಟೆನಲ್ಲ ಎಂಬ ದುಃಖದಲ್ಲಿ ಅವನು ಆ ಬೆರಳನ್ನು ನೋಡಲೂ ಆರದೆ, ನೋಡದಿರಲೂ ಆರದೆ ನಿಂತಿದ್ದ.

ಒಪಾರೆ ಹೆಂಗಸರ ಕಡೆ ನೋಡಿದ. ನಿಂತು ನಿಂತು ಸೋತಿದ್ದ ಸೆರ್ವಾ ತಾಯಿಯನ್ನು ತಬ್ಬಿ ಹಿಡಿದುಕೊಂಡಿದ್ದಳು. ಅವಳ ಮುಖ ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಅಂಗಳ ದಾಟಿ ಹೋಗಿ ಯಜಮಾನರ ಕುರ್ಚಿಗೂ ಬ್ಯಾನರಿಗೂ ನಡುವೆ ಇನ್ನೊಂದು ಕುರ್ಚಿ ಎಳೆದು, ಸರಿಯಾಗಿ ಬೆರಳಿನ ಗುರಿಗೆ ಇಟ್ಟು, ಅದರಲ್ಲಿ ಕೂತುಬಿಟ್ಟ. ನೂರಾರು ಜನ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು.

"ಯಜಮಾನ್ರೆ, ಆ ಕೈ ಹೊರಗೆ ತಂದೋನು ನಾನು" ಎಂದ. "ಸೆರ್ವಾ ಬೇಡ ಅಂದಿದ್ಲು, ನಾನು ಕೇಳ್ಲಿಲ್ಲ. ಅದು ತಪ್ಪು ಹೊರಿಸೋದಾದ್ರೆ ನನ್ನ ಮೇಲೇ ಹೊರಿಸ್ಲಿ. ಸೀಟು ಖಾಲಿ ಇದೆ ಅನ್ನೋದಾದ್ರೂ ನಾನೇ ಹೋಗ್ತೀನಿ. ನೀವು ಕೂತ್ಕೊಳ್ಳಿ, ಅಜ್ಜ. ದೊಡ್ಡೋರು ನಿಂತಿರೋದು ನೋಡಕ್ಕಾಗಲ್ಲ."

ಬ್ಯಾನರು ಗಾಳಿಗೆ ಒಮ್ಮೆ ಪಟಪಟ ಎಂದು ಸುಮ್ಮನಾಯಿತು. ಆಗ ಹೆಂಗಸರ ಸಾಲಿನಿಂದ ಬಿರಾಗೊ ನಿಧಾನವಾಗಿ ಮುಂದೆ ಬಂದಳು. ಅಣ್ಣನ ಬೆರಳನ್ನು ನೋಡಿದಳು, ಬೆರಳಿನ ತುದಿಯಿಂದ ಗಾಳಿಯಲ್ಲಿ ಗೆರೆ ಎಳೆದ ಹಾಗೆ ಒಪಾರೆಯವರೆಗೆ ಕಣ್ಣು ತಂದಳು. ಅವಳ ಬಾಯಿಂದ ಬಿಕ್ಕು ಹೊರಟಿತು.

"ಅಣ್ಣ ಯಾರನ್ನೂ ದೂರ್ತಿಲ್ಲ. ಅವನು ದೂರೋ ಪೈಕಿ ಅಲ್ಲ. ಖಾಲಿ ಸೀಟು ಅಂದ್ರೆ ಇದೇ ಕಣ್ರೋ, ಅವನದೇ ಸೀಟು. ತನ್ನ ಜಾಗಕ್ಕೆ ಯಾರು ಅಂತ ತೋರಿಸಿಕೊಡ್ತಾವ್ನೆ."

ಬೊಆಟೆನ್ ಅಜ್ಜನ ಮುಖ ಆಗ ಬದಲಾದ ರೀತಿಯನ್ನು ಟಾವಿಯಾ ಇವತ್ತಿಗೂ ನಟಿಸಿ ತೋರಿಸುತ್ತಾನೆ. ಬೆಳಿಗ್ಗೆಯಿಂದ ಬಗ್ಗಿದ್ದ ಬೆನ್ನು ನೆಟ್ಟಗಾಯಿತು, ಸಣ್ಣ ಕಣ್ಣು ಇನ್ನಷ್ಟು ಸಣ್ಣದಾಯಿತು. ಅಜ್ಜ ಬೆರಳನ್ನು ನೋಡಿದ, ಒಪಾರೆಯನ್ನು ನೋಡಿದ, ದೂರದಲ್ಲಿ ನಿಂತಿದ್ದ ಸೆರ್ವಾಳನ್ನೂ ಒಂದು ಕ್ಷಣ ನೋಡಿದ. ಆಮೇಲೆ ಬಂದು ತನ್ನ ಕುರ್ಚಿಯಲ್ಲಿ ಸುಖವಾಗಿ ಕೂತ. ಅಂಗಳದ ತುಂಬ ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು.

ತಂಗಿಯ ಮಾತು ಸತ್ಯ ಎಂದು ಅಜ್ಜ ತೀರ್ಪು ಕೊಟ್ಟ. ಇಂಥ ಹುಡುಗನನ್ನು ಇಷ್ಟು ದಿನ ದೂರವಿಟ್ಟದ್ದು ತನ್ನದೇ ತಪ್ಪು, ಇವನು ಇವತ್ತೇ ಈ ಮನೆಗೆ ಸೇರಬೇಕು, ಅದಕ್ಕೆ ಯಾರದಾದರೂ ಅಡ್ಡಿಯಿದೆಯೇ ಎಂದು ಕೇಳಿದ. ಯಾರದೂ ಇರಲಿಲ್ಲ. ಕೂತವರಿಗೆ ಮತ್ತೆ ಎದ್ದು ನಿಲ್ಲುವ ಆಸೆ ಇರಲಿಲ್ಲ. ಬಿರಾಗೊ ಒಪಾರೆಯ ಕೆನ್ನೆ ಸವರಿ ಮಗನೇ ಎಂದಳು. ಇಷ್ಟು ವರ್ಷ 'ನೋಡೋಣ' ಎಂದ ಬಾಯಿ ಹೀಗೆ ಒಂದೇ ಮಾತಿಗೆ ಒಪ್ಪಿಬಿಡುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಸೆರ್ವಾಳ ಕಡೆ ನೋಡಿದ. ಅವಳು ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದಳು. ಸಂತೋಷಕ್ಕೆ ಹುಡುಗಿಗೆ ದಿಕ್ಕೇ ತೋಚುತ್ತಿಲ್ಲ ಎಂದು ಒಪಾರೆ ಅಂದುಕೊಂಡ.

"ಪಿತೃಗಳಿಗೆ ಹೇಳ್ಬೇಕು. ಸಾರಾಯಿ ಎಲ್ಲಪ್ಪ?" ಎಂದ ಅಜ್ಜ.

ಮನೆಯ ಸಾರಾಯಿ ಬರುವವರೆಗೆ ಒಪಾರೆಗೆ ತಾಳ್ಮೆ ಎಲ್ಲಿಂದ ಬರಬೇಕು? ಪೇಪರು ಬಿಚ್ಚಿ ಎರಡು ಬಾಟಲಿ ತೆಗೆದು, ಎರಡು ಕೈಯಲ್ಲೂ ಹಿಡಿದು, ಬಗ್ಗಿ ಒಪ್ಪಿಸಿದ. ಅಜ್ಜ ಬಾಟಲಿಯನ್ನು ಬಹಳ ಗೌರವದಿಂದ ತೆಗೆದುಕೊಂಡ. ಹೆಂಗಸರ ಕಡೆಯಿಂದ ಸೆರ್ವಾ ಏನೋ ಹೇಳಲು ಬಾಯಿ ತೆರೆದಳು, ಹಿರಿಯರು ನೆಲಕ್ಕೆ ಸಾರಾಯಿ ಎರೆಯುವಾಗ ಮಾತಾಡಬಾರದೆಂದು ಪಕ್ಕದವರು ಅವಳ ಬಾಯಿ ಮುಚ್ಚಿದರು. ಅಜ್ಜ ಮುಚ್ಚಳ ತಿರುಗಿಸಿ, ತೊಟ್ಟು ತೊಟ್ಟಾಗಿ ನೆಲಕ್ಕೆ ಬಿಡುತ್ತ, ಸತ್ತ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದ. ಶುಭದ ಗುರುತಿಗೆ ಒಪಾರೆಯ ಮುಂಗೈಗೆ ಬಿಳಿಮಣ್ಣು ಬಳಿದ.

"ಕೇಳಿ, ಅಜ್ಜಂದಿರೇ. ಈ ಹುಡುಗನ ತಾಯಿ ಗಿಡುಗನ ಕುಲದೋಳು. ಆ ಗಿಡುಗ ಇವತ್ತಿಗೆ ಹಾರಿಹೋಯ್ತು. ಇವನು ಇನ್ಮೇಲೆ ಕಾಗೆ ಕುಲದೋನು, ಬಿರಾಗೊ ಹೊಟ್ಟೇಲಿ ಹುಟ್ಟಿದ ಮಗ, ಸೆರ್ವಾಗೆ ಒಡಹುಟ್ಟಿದ ಅಣ್ಣ. ಅಂಪೆಮ್ ಜಾಗದಲ್ಲಿ ಕೂತ್ಕೊಂಡು ಅವಳ ಯೋಗಕ್ಷೇಮ ನೋಡ್ಕೋತಾನೆ."

ಆಗಲಿ, ಆಗಲಿ ಎಂದು ಜನ ಗುಂಪಾಗಿ ಹೇಳಿದರು. ಒಪಾರೆಯ ಬಾಯಿಯೂ ಅಭ್ಯಾಸಬಲದಿಂದ ಆಗಲಿ ಎಂದಿತು, ಆಮೇಲೆ ತೆರೆದದ್ದು ಮುಚ್ಚಲಿಲ್ಲ. ಅಜ್ಜ ಅವನ ಹೆಗಲು ತಟ್ಟಿದ.

"ಅವಳಿಗೆ ಗಂಡು ಬಂದ್ರೆ ನಾನು ಇನ್ನು ತಲೆ ಹಾಕಲ್ಲಪ್ಪ. ಬಾಟ್ಲಿ ತಗೊಂಡು ಬಂದೋರು ನಿನ್ನ ಬಾಗಿಲನ್ನೇ ತಟ್ಟಬೇಕು. ಬೆರಳಾಡಿಸಿ ಬದುಕೋರಿಗೆ ಮಾತ್ರ ಕೊಡಬೇಡ."

ಬೆನ್ನ ಹಿಂದಿನಿಂದ ಟಾವಿಯಾ ನಿಟ್ಟುಸಿರು ಬಿಟ್ಟು, ಮುದುಕ ದಾಮೆಯಲ್ಲಿ ಒಂದೇ ನೆಗೆತಕ್ಕೆ ಮೂರು ಕಾಯಿ ಹೊಡೆದನಲ್ಲ ಎಂದು ಪಿಸುಗುಟ್ಟಿದ. ತನ್ನ ಮೇಲಿನ ಬೆರಳು ತಪ್ಪಿತು, ಖಾಲಿ ಜಾಗ ತುಂಬಿತು, ಮನೆ ಹುಡುಗಿಯೂ ಉಳಿದಳು. ಬೊಆಟೆನ್ ಅಜ್ಜ ಮಾತ್ರ ಬ್ಯಾನರಿನ ಕಡೆ ತಿರುಗಿ, ಬಹಳ ದಿನದ ಮೇಲೆ, ಗೆಳೆಯನ ಕಣ್ಣಿಗೆ ಕಣ್ಣಿಟ್ಟು ನೋಡಿ ತಲೆಯಾಡಿಸಿದ. ಆಟ ಬಲ್ಲ ಇಬ್ಬರಿಗೆ ಮಾತ್ರ ತಿಳಿಯುವಂಥದು ಅದು.

ಸೆರ್ವಾ ಲೋಟದಲ್ಲಿ ನೀರು ತಂದು ಒಪಾರೆಯ ಮುಂದೆ ಹಿಡಿದಳು.

"ಒಳಗೇ ಇರಕ್ಕೆ ಬಿಡು ಅಂದಿದ್ದೆ" ಎಂದಳು ಮೆಲ್ಲಗೆ. ಹಿರಿಯರು ನೋಡುತ್ತಿದ್ದರು. "ಕುಡಿ, ಅಣ್ಣಾ."

ಅಷ್ಟರಲ್ಲಿ ಅಜ್ಜ ಕುಲದವರೆಲ್ಲರನ್ನೂ ಬ್ಯಾನರಿನ ಮುಂದೆ ಸೇರಿಸಿದ. ಹೊಸ ಮಗ ಬಂದ ದಿನದ ನೆನಪಿಗೆ ಒಂದು ಫೋಟೋ ಆಗಬೇಕು ಎಂದ. ಟಾವಿಯಾನ ಕೈಗೆ ಫೋನು ಕೊಟ್ಟು, ಒಪಾರೆಯನ್ನು ನಡುವೆ ನಿಲ್ಲಿಸಿ, ಒಂದು ಬದಿಗೆ ಬಿರಾಗೊಳನ್ನೂ ಇನ್ನೊಂದು ಬದಿಗೆ ಸೆರ್ವಾಳನ್ನೂ ತಾನೇ ಹಿಡಿದು ನಿಲ್ಲಿಸಿದ. ಆಮೇಲೆ ಹೊಸ ಮಗನ ಕಿವಿಯ ಹತ್ತಿರ ಬಗ್ಗಿ ಮೆಲುದನಿಯಲ್ಲಿ ಹೇಳಿದ.

"ಇದಕ್ಕೂ ನೀನೇ ಚೌಕಟ್ಟು ಹಾಕ್ಬೇಕು, ಮಗಾ. ನಮ್ಮ ಮನೇಲಿ ಯಾರೂ ಅದರಿಂದ ಆಚೆ ಬರಬಾರದು."